ಬೆಲ್ಲ ಬಿಟ್ಟ ಅಕ್ಕನೂ ಎಡಗಡೆಯ ಕಿಟಕಿಯೂ

ನಮ್ಮಕ್ಕ ಬೆಲ್ಲ ಬಿಟ್ಟದ್ದು ಭಕ್ತಿಯಿಂದ ಅಂತ ಇಡೀ ಶಿರಗುಪ್ಪಿ ನಂಬಿದೆ. ಸಿಟ್ಟಿನಿಂದ ಅಂತ ಗೊತ್ತಿರುವುದು ನನಗೊಬ್ಬನಿಗೇ.

ಆ ವರ್ಷ ಅವಳ ಗಂಡನ ಊರಾದ ಶಿರಗುಪ್ಪಿಯ ಬಸದಿಯಲ್ಲಿ ಮುನಿಗಳ ಚಾತುರ್ಮಾಸ ನಡೆದಿತ್ತು. ಕೊನೆಯ ದಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ತಿನ್ನುವ ಪದಾರ್ಥ ಯಾವುದಾದರೊಂದನ್ನು ಬಿಡುವ ನೇಮ ತೊಗೊಳ್ಳುವುದು ನಮ್ಮ ಜೈನರಲ್ಲಿ ರೂಢಿ. ಅಕ್ಕನ ಪಕ್ಕದಲ್ಲಿ ಅವಳ ನಾದಿನಿ ಕೂತಿದ್ದಳು, ರಾಯಬಾಗಕ್ಕೆ ಕೊಟ್ಟವಳು. ಆಕೆ ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು, "ಜೀವ ಇರೋತನಕ ಹಾಗಲಕಾಯಿ ಬಿಟ್ಟೇನ್ರಿ" ಅಂದಳು. ಎಲ್ಲರೂ ಜಯಕಾರ ಹಾಕಿದರು. ಹುಟ್ಟಿದಾಗಿನಿಂದ ಆಕೆ ಹಾಗಲಕಾಯಿ ಬಾಯಲ್ಲಿ ಇಟ್ಟವಳೇ ಅಲ್ಲ. ಅಕ್ಕನ ಪಿತ್ತ ನೆತ್ತಿಗೇರಿದ್ದು ಗಂಡಸರ ಸಾಲಿನಲ್ಲಿ ಕೂತಿದ್ದ ನನಗೆ ಕಾಣುತ್ತಿತ್ತು. ದಡಕ್ಕನೆ ಎದ್ದವಳೇ, "ಹಿಮಾಲಯದ ದರ್ಶನ ಆಗೋತನಕ ನಾ ಬೆಲ್ಲ ಬಿಟ್ಟೆ" ಅಂದುಬಿಟ್ಟಳು. ಆದಿನಾಥ ಸ್ವಾಮಿಗೆ ಮೋಕ್ಷವಾದದ್ದು ಹಿಮಾಲಯದಲ್ಲಿ ಅಂತ ಮುನಿಗಳು ಅದೇ ಈಗ ಹೇಳಿ ಮುಗಿಸಿದ್ದರು. ಅವರು ರೈಲಿನಲ್ಲಿ ಹೋಗಿಬರುವ ಗಿರನಾರ ಕ್ಷೇತ್ರದ ಸುದ್ದಿ ಹೇಳಿದ್ದರೆ ಕೆಲಸ ಇಷ್ಟು ಕೆಡುತ್ತಿರಲಿಲ್ಲ.

ಬೆಲ್ಲ ಬಿಡುವುದು ಅವರ ಮನೆಯಲ್ಲಿ ಹುಡುಗಾಟದ ಮಾತಲ್ಲ. ಅವರದು ಕಬ್ಬಿನ ಹೊಲ, ಹೊಲದಲ್ಲೇ ಬೆಲ್ಲದ ಗಾಣ. ದೀಪಾವಳಿ ಸುಮಾರಿಗೆ ಗಾಣ ಹೂಡಿದರೆ ಕಬ್ಬಿನ ಹಾಲು ಕುದಿಯುವ ವಾಸನೆ ಅಡಿಗೆಮನೆಯ ಮಡಿಕೆಯೊಳಗೂ ಹೊಕ್ಕಿರುತ್ತದೆ. ಅಕ್ಕ ಒಲೆಯ ಮುಂದೆ ಕೂತೇ ಮೂಗಿನಿಂದ ಪಾಕ ಹಿಡಿದು, "ಇಳಸ್ರೋ, ಕರಕಾಗತೈತಿ!" ಅಂತ ಕೂಗುತ್ತಿದ್ದಳು. ನಾಲಿಗೆಗೆ ಮಾತ್ರ ಒಂದು ಚೂರೂ ಸೋಕಿಸಲಿಲ್ಲ. ಹಬ್ಬಕ್ಕೆ ತಾನೇ ಹೋಳಿಗೆ ಮಾಡಿ, ಎಲ್ಲರಿಗೂ ತುಪ್ಪ ಹಾಕಿ ಬಡಿಸಿ, ನಮ್ಮ ಎದುರಿಗೇ ಕೂತು ಅನ್ನ ಸಾರು ಉಣ್ಣುವಳು. ಸುಮ್ಮನೆ ನಮ್ಮ ತಾಟಿನ ಕಡೆ ನೋಡುವಳು. ಆ ನೋಟದ ಮುಂದೆ ಹೋಳಿಗೆ ಗಂಟಲಲ್ಲಿ ಇಳಿಯಬೇಕಲ್ಲ! ಅವಳ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಹೋಳಿಗೆಯನ್ನು ಧೋತರದಲ್ಲಿ ಮುಚ್ಚಿಕೊಂಡು ದನದ ಕೊಟ್ಟಿಗೆಗೆ ಹೋಗಿ ತಿನ್ನುವ ಗತಿ ಬಂತು. ಒಂದು ಯುಗಾದಿಗೆ ನಾನೂ ಜೊತೆಗೆ ಹೋದೆ. ತಲೆ ನರೆತ ಇಬ್ಬರು ಗಂಡಸರು ಎಮ್ಮೆಯ ಮರೆಯಲ್ಲಿ ನಿಂತು ಗಬಗಬ ತಿಂದೆವು. ನೇಮ ಅವಳದು, ಶಿಕ್ಷೆ ಮನೆಮಂದಿಗೆಲ್ಲ.

ಹಿಮಾಲಯಕ್ಕೆ ಹೋಗಿ ಬಂದುಬಿಟ್ಟರೆ ಮುಗಿಯಿತಲ್ಲ ಅನ್ನಬಹುದು. ಒಂದು ವರ್ಷ ಹೊರಡುವ ಹೊತ್ತಿಗೆ ಎಮ್ಮೆ ಈಯಿತು. ಇನ್ನೊಂದು ವರ್ಷ ಕೃಷ್ಣೆ ಉಕ್ಕಿ ಬಂದು ಅಂಗಳದಲ್ಲಿ ನೀರು ನಿಂತಿತು. ಮುಂದೊಮ್ಮೆ ಹರಿದ್ವಾರದ ತನಕ ಹೋದಳು. ಅಲ್ಲಿ ಇದ್ದಷ್ಟು ದಿನವೂ ಎದುರಿನ ಅಂಗಡಿ ಕಾಣದಷ್ಟು ಮಂಜು, ಹಿಮಾಲಯ ಎಲ್ಲಿಂದ ಕಂಡೀತು? ಒಂದು ಶಾಲು, ಒಂದು ನೆಗಡಿ ತೊಗೊಂಡು ತಿರುಗಿ ಬಂದಳು. ಆಮೇಲೆ ಮೊಣಕಾಲು ಕೈಕೊಟ್ಟವು. ಗುಡ್ಡ ಹತ್ತುವ ಮಾತೇ ತೆಗೆಯಬೇಡಿ ಅಂತ ಮಿರಜಿನ ಡಾಕ್ಟರು ಹೇಳಿದರು. ಇನ್ನು ಜನ್ಮದಲ್ಲಿ ಬೆಲ್ಲ ಇಲ್ಲ ಅಂತ ಅವಳೂ ಒಪ್ಪಿಕೊಂಡಿದ್ದಳೇನೋ. ಗಾಣ ಹೂಡಿದ ದಿನ ಮಾತ್ರ ಅವಳ ಮುಖ ಸಣ್ಣಗಾಗುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಅಂಥದರಲ್ಲಿ ಮಿರಜಿನ ಟೂರಿನವನೊಬ್ಬ ಸಿಕ್ಕ. ನೇಪಾಳ, ಭೂತಾನ ಎರಡೂ ದೇಶ. ಅಡಿಗೆಯವರು ನಮ್ಮವರೇ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲ, ಹೊತ್ತು ಮುಳುಗುವುದರೊಳಗೆ ಊಟ. "ಅಕ್ಕಾರ, ಗುಡ್ಡ ಹತ್ತೋದ ಬ್ಯಾಡ್ರಿ. ಕಠ್ಮಂಡುದಿಂದ ಭೂತಾನಕ್ಕ ವಿಮಾನ ಹೊಂಟಾಗ ಇಡೀ ಹಿಮಾಲಯ ಕಿಟಕ್ಯಾಗ ಸಾಲಾಗಿ ನಿಂತಿರತೈತಿ. ಕುಂತಲ್ಲೇ ದರ್ಶನ. ಒಂದ ಮಾತ ನೆನಪಿಡ್ರಿ, ಎಡಗಡೆ ಕಿಟಕಿ ಹಿಡೀರಿ" ಅಂದ. ಅಕ್ಕ ಆ ಮಾತನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದಳು.

ಮಾವ ಬರುವ ಹಾಗಿರಲಿಲ್ಲ. ಅವರಿಗೆ ಬಸ್ಸಿನಲ್ಲಿ ಕಾಗವಾಡ ದಾಟುವುದರೊಳಗೇ ವಾಂತಿ ಶುರುವಾಗುತ್ತದೆ, ವಿಮಾನದ ಮಾತು ದೂರ. ಹೀಗಾಗಿ ಕಾಗವಾಡದ ನನ್ನ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಹೊತ್ತಿನಲ್ಲೇ ಅಕ್ಕನ ಜೊತೆ ನಾನು ಹೊರಡಬೇಕಾಯಿತು. ಹೊರಡುವ ದಿನ ಮಾವ ನನ್ನನ್ನು ಮರೆಗೆ ಕರೆದರು. ಆ ವರ್ಷದ ಮೊದಲ ಪಾಕದ ಬೆಲ್ಲ, ಮುಷ್ಟಿಗಿಂತ ಒಂದಿಷ್ಟು ದೊಡ್ಡ ಹೆಂಟೆ, ಬಿಳಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಯಲ್ಲಿ ಇಟ್ಟರು. "ದರ್ಶನ ಆದ ಕೂಡಲೆ ಆಕಿ ಬಾಯಾಗ ಹಾಕಪಾ. ಊರಿಗಿ ಬರೋತನಕ ಕಾಯಬ್ಯಾಡ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಗಂಟನ್ನು ಚೀಲದಲ್ಲಿ ಇಡುತ್ತ, "ವಿಮಾನದಾಗ ಇರಿವಿ ಹತ್ತೂದಿಲ್ಲ ಬಿಡ್ರಿ" ಅಂದೆ.

ಇರುವೆ ಹತ್ತಲಿಲ್ಲ, ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹತ್ತಿದರು. ನನ್ನ ಚೀಲ ಮಶೀನಿನಲ್ಲಿ ಹಿಂದೆ ಮುಂದೆ ಓಡಾಡಿತು. ಒಬ್ಬ ಹೆಂಟೆಯನ್ನು ಹೊರಗೆ ತೆಗೆದು ಕುಟ್ಟಿ ನೋಡಿದ, ಇನ್ನೊಬ್ಬ ಮೂಸಿ ನೋಡಿದ. "ಗುಡ್ ಹೈ ಸಾಬ್, ಗನ್ನೇ ಕಾ ಗುಡ್" ಅಂತ, ಕಬ್ಬಿನ ಬೆಲ್ಲ ಅನ್ನುವುದನ್ನು ನನಗೆ ಬಂದ ಹಿಂದಿಯಲ್ಲಿ ಒದರಿದೆ. ಮೂಸಿದವನ ಮುಖ ಅರಳಿತು. ಅವನೂ ಕಬ್ಬಿನ ಸೀಮೆಯವನಂತೆ. ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ಹೆಂಟೆಯನ್ನು ವಾಪಸು ಕೊಟ್ಟ. ಅಕ್ಕ ದೂರ ನಿಂತು ಅವನ ದವಡೆ ಆಡುವುದನ್ನೇ ನೋಡುತ್ತಿದ್ದಳು.

ಕಠ್ಮಂಡುವಿನಲ್ಲಿ ಎರಡು ದಿನ ಗುಡಿ ಗುಂಡಾರ ತಿರುಗಿ, ಮೂರನೆಯ ಬೆಳಿಗ್ಗೆ ಭೂತಾನದ ವಿಮಾನಕ್ಕೆ ಹೋದೆವು. ಟೂರಿನವನು ಎಡಗಡೆಯ ಕಿಟಕಿಯ ಗುಟ್ಟನ್ನು ಅಕ್ಕನಿಗೊಬ್ಬಳಿಗೇ ಹೇಳಿದ್ದಾನೆ ಅಂತ ನಾವು ತಿಳಿದಿದ್ದೆವು. ಅವನು ಇಡೀ ಗುಂಪಿಗೆ ಹೇಳಿದ್ದ. ಸಾಂಗಲಿ, ಮಿರಜ, ಚಿಕ್ಕೋಡಿ, ನಿಪ್ಪಾಣಿಯ ಮಂದಿಯೆಲ್ಲ ಕೌಂಟರಿಗೆ ಮುತ್ತಿ, "ಲೆಫ್ಟ್ ವಿಂಡೋ, ಲೆಫ್ಟ್ ವಿಂಡೋ" ಅಂತ ಒಂದೇ ಕೂಗು. ಅಲ್ಲಿ ಕೂತ ಹುಡುಗಿ, ವಿಮಾನಕ್ಕೆ ಬಲಗಡೆಯೂ ಒಂದು ಇದೆ ಅಂತ ಹಿಂದಿಯಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಒಪ್ಪಲಿಲ್ಲ. ನಾನು ಮೊಣಕೈಯನ್ನು ಧಾರಾಳವಾಗಿ ಬಳಸಿ ಮುಂದೆ ನುಗ್ಗಿದೆ. ನಿಪ್ಪಾಣಿಯ ತಂಬಾಕು ಸಾಹುಕಾರರ ಜೊತೆ ನಾಲ್ಕು ಬಿರುಸು ಮಾತೂ ಆದವು. ಅಂತೂ ಎಡಗಡೆಯ ಕಿಟಕಿ ಅಕ್ಕನಿಗೆ ಸಿಕ್ಕಿತು, ಅವಳ ಪಕ್ಕದ್ದು ನನಗೆ.

ವಿಮಾನ ಮೇಲೆ ಏರಿತು. ಕಿಟಕಿ ಒರೆಸಿದ ಗಾಜಿನಷ್ಟು ಸ್ವಚ್ಛ, ಆಕಾಶ ಅದಕ್ಕಿಂತ ಸ್ವಚ್ಛ. ಎಡಗಡೆ ಎವರೆಸ್ಟ್ ಕಾಣಲಿದೆ ಅಂತ ಪೈಲಟ್ ಸಾರಿದ. ನಾನು, "ಅಕ್ಕಾ, ಬಂತು" ಅಂದೆ. ಅಕ್ಕ ಸೆರಗು ಸರಿಮಾಡಿಕೊಂಡಳು, ಜಪಮಾಲೆ ತೆಗೆದಳು, ಕಣ್ಣು ಮುಚ್ಚಿದಳು.

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಬಸದಿಯಲ್ಲಿ ಅವಳ ಪದ್ಧತಿಯೇ ಹಾಗೆ. ಸ್ವಾಮಿಯ ಎದುರು ಕಣ್ಣು ಮುಚ್ಚಿ ಕೂತು, ಒಂದು ಮಾಲೆ ಪೂರ್ತಿ ಣಮೋಕಾರ ಮಂತ್ರ ಜಪಿಸಿ, ಆಮೇಲೆಯೇ ಕಣ್ಣು ತೆರೆದು ದರ್ಶನ ಮಾಡುವುದು. ಜಪದ ನಡುವೆ ಮಾತಿಲ್ಲ, ಕಣ್ಣು ತೆರೆಯುವ ಹಾಗಿಲ್ಲ. ಬಸದಿಯಲ್ಲಿ ಅದು ಸರಿ, ಸ್ವಾಮಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಇಲ್ಲಿ ಹಿಮಾಲಯ ಕಿಟಕಿಯಲ್ಲಿ ಸರಸರ ಹಿಂದೆ ಹೋಗುತ್ತಿತ್ತು.

"ಅಕ್ಕಾ, ಕಣ್ಣ ತಗೀ." ಒಂದು ಮಣಿ ಸರಿಸಿದಳು. "ಅಕ್ಕಾ, ಎವರೆಸ್ಟ್!" ಒಂದು ಬೆರಳೆತ್ತಿ ಸುಮ್ಮನಿರು ಅಂತ ಸನ್ನೆ ಮಾಡಿದಳು. ನಾನು ಭುಜ ಅಲ್ಲಾಡಿಸಿದೆ, ಮೊಣಕೈಯಿಂದ ತಿವಿದೆ. "ಲೇ ಮಾರಾಯ್ತಿ, ಜಪ ಭೂತಾನದಾಗ ಮಾಡು!" ಅಂತ ಒದರಿದೆ. ಹಿಂದಿನ ಸೀಟಿನವರು ನಕ್ಕರು. ಅಷ್ಟರಲ್ಲಿ ಬಲಗಡೆ ಸೀಟು ಸಿಕ್ಕಿದ್ದ ನಿಪ್ಪಾಣಿ ಸಾಹುಕಾರರು ಎದ್ದು ಬಂದು, ನನ್ನ ಭುಜದ ಮೇಲೆ ಹೊಟ್ಟೆ ಊರಿ ಫೋನಿನಲ್ಲಿ ಫೋಟೋ ತೆಗೆಯತೊಡಗಿದರು. ಅವರ ಹೊಟ್ಟೆಯ ಕೆಳಗಿನಿಂದ ನಾನು ಹಿಮಾಲಯ ನೋಡಿದೆ. ನನಗೆ ಯಾವ ನೇಮವೂ ಇರಲಿಲ್ಲ, ನನ್ನ ತಲೆಯಲ್ಲಿ ತೋಟದ ಔಷಧದ ಚಿಂತೆ ಇತ್ತು. ಆದರೂ ಒಂದೊಂದು ಶಿಖರವೂ ನನಗೆ ಕಂಡಿತು. ಅಕ್ಕನ ತುಟಿ ಮಾತ್ರ ಆಡುತ್ತಿತ್ತು.

ವಿಮಾನ ಗುಡ್ಡಗಳ ಸಂದಿನಲ್ಲಿ ಇಳಿಯಿತು. ರೆಕ್ಕೆಯ ತುದಿ ಮನೆಗಳಿಗೆ ತಾಗುತ್ತದೇನೋ ಅನ್ನುವ ಹಾಗೆ ಹೊರಳುವಾಗ ಅವಳ ಮಾಲೆ ಮುಗಿಯಿತು. ಮಾಲೆಯನ್ನು ಕಣ್ಣಿಗೆ ಒತ್ತಿಕೊಂಡು, ಕಣ್ಣು ತೆರೆದು, ಭಕ್ತಿಯಿಂದ ಹೊರಗೆ ನೋಡಿದಳು. ಕೆಳಗೆ ಒಂದು ಮನೆಯ ಮಾಳಿಗೆಯ ತುಂಬ ಕೆಂಪಗೆ ಏನೋ ಹರವಿತ್ತು.

"ಏ ತಮ್ಮಾ, ಮೆಣಸಿನಕಾಯಿ ಒಣಾ ಹಾಕ್ಯಾರೋ!" ಅಂದಳು. ಆಮೇಲೆ, "ಹಿಮಾಲಯ ಎಲ್ಲೈತಿ?"

ನಾನು ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯಲಾರೆ. ವಿಮಾನ ನಿಂತ ಮೇಲೂ ಅನ್ನುತ್ತಿದ್ದೆ. ಅವಳು ಎಲ್ಲ ಕೇಳಿ, ಮೆಲ್ಲಗೆ, "ನೀ ತಿವಿತಿವಿದು ನಂದು ಎಣಿಕಿ ತಪ್ಪಸಿದಿ. ಎರಡ ಸಲ ಮೊದಲಿಂದ ಹಿಡದೆ. ಇಲ್ಲಂದ್ರ ಯಾವಾಗೋ ಮುಗೀತಿತ್ತು" ಅಂದಳು. ಅವಳ ಮುಖ ನೋಡಿದರೆ, ಗಾಣ ಹೂಡಿದ ದಿನದ ಅದೇ ಸಣ್ಣ ಮುಖ.

ಭೂತಾನದಲ್ಲಿ ಇದ್ದಷ್ಟು ದಿನ ಸುತ್ತಲೂ ಹಸಿರು ಗುಡ್ಡ, ಗುಡ್ಡದ ಮೇಲೆ ಮೋಡ. ಹಿಮದ ಸುಳಿವಿಲ್ಲ. ಸುದ್ದಿ ಗುಂಪಿಗೆಲ್ಲ ಹಬ್ಬಿ, ಸಂಜೆಯ ಊಟಕ್ಕೆ ಕೂತಾಗ ಪಂಚಾಯಿತಿ ಸೇರಿತು. ಕಣ್ಣು ಮುಚ್ಚಿದ್ದರೂ ಎದುರಿಗೆ ಇದ್ದದ್ದು ಹಿಮಾಲಯವೇ ಅಲ್ಲವೇ, ಭಾವ ಮುಖ್ಯ, ದರ್ಶನ ಆದ ಹಾಗೇ ಅಂತ ಒಬ್ಬರು ತೀರ್ಪು ಕೊಟ್ಟರು. ಹೊತ್ತು ಮುಳುಗುತ್ತದೆ, ಮೊದಲು ಉಣ್ಣಿ ಅಂತ ಅಡಿಗೆಯವರು ಗದರಿಸಿದರು. ನಿಪ್ಪಾಣಿ ಸಾಹುಕಾರರು ಫೋನು ಹಿಡಿದು ಬಂದು, "ಅಕ್ಕಾರ, ನನ್ನ ಫೋಟೋದಾಗ ಎಲ್ಲಾ ಶಿಖರ ಅದಾವ್ರಿ. ನೋಡ್ರಿ, ಮುಗೀತು" ಅಂದರು. ಅಕ್ಕ ಮುಖ ತಿರುಗಿಸಿ, "ಫೋಟೋ ನೋಡಿದ್ರ ನಡೀತಿದ್ರ ನಮ್ಮ ಮನ್ಯಾಗ ಹಿಮಾಲಯದ ಕ್ಯಾಲೆಂಡರ್ ಇರಲಿಲ್ಲೇನ್ರಿ?" ಅಂದಳು. ಪಂಚಾಯಿತಿ ಅಲ್ಲಿಗೇ ಮುಗಿಯಿತು.

ಇನ್ನು ಉಳಿದದ್ದು ತಿರುಗಿ ಬರುವ ವಿಮಾನ ಒಂದೇ. ಅದು ಕಠ್ಮಂಡುವಿನಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ದಿಲ್ಲಿಗೆ ಹೋಗುವುದು. ಈ ಸಲ ಕಾಣದಿದ್ದರೆ ಅವಳ ಮೊಣಕಾಲಿಗೆ, ನಮ್ಮ ವಯಸ್ಸಿಗೆ ಇನ್ನೊಂದು ಸಲ ಅನ್ನುವುದು ಇರಲಿಲ್ಲ. ಕೌಂಟರಿನಲ್ಲಿ ಗುಂಪು ಮತ್ತೆ "ಲೆಫ್ಟ್ ವಿಂಡೋ" ಅಂತ ಮುತ್ತಿತು. ಟೂರಿನವನು ಮಿರಜಿನಲ್ಲೇ ಉಳಿದಿದ್ದ, ಅವನ ಆ ಒಂದು ಉಪದೇಶ ಮಾತ್ರ ನಮ್ಮ ಜೊತೆ ಬಂದಿತ್ತು. ಹೋಗುವಾಗ ಎಡಕ್ಕಿದ್ದದ್ದು ಬರುವಾಗ ಬಲಕ್ಕೆ ಬರುತ್ತದಲ್ಲ ಅಂತ ನಾನು ಕೈ ತಿರುಗಿಸಿ ತೋರಿಸಿದೆ. ಯಾರೂ ಕೇಳಲಿಲ್ಲ. ನಿಪ್ಪಾಣಿ ಸಾಹುಕಾರರಂತೂ ಎಲ್ಲರಿಗಿಂತ ಮೊದಲು ಎಡಗಡೆ ಗಿಟ್ಟಿಸಿ, ಗೆದ್ದವರ ಹಾಗೆ ನನ್ನನ್ನು ನೋಡಿದರು. ಹಾಳಾಗಿ ಹೋಗಲಿ ಅಂತ ಸುಮ್ಮನಾದೆ. ಆದರೆ ಅಕ್ಕನೂ ಎಡಗಡೆಯೇ ಬೇಕು ಅಂತ ಹಟ ಹಿಡಿದಳು.

"ಅಕ್ಕಾ, ನನ್ನ ತ್ವಾಟದಾಗ ದ್ರಾಕ್ಷಿ ಸಾಲ ಹಿಡದು ಒಳಗ ಹ್ವಾದ್ರ ಬಾವಿ ಯಾ ಕಡೆ ಬರತೈತಿ?"

"ಎಡಕ್ಕ."

"ತಿರುಗಿ ಬರೋವಾಗ?"

ಸ್ವಲ್ಪ ಯೋಚಿಸಿದಳು. "ಬಲಕ್ಕ."

"ಹಿಮಾಲಯನೂ ನನ್ನ ಬಾವಿ ಅಂತ ತಿಳಕೋ."

"ಸ್ವಾಮಿ ಮೋಕ್ಷಕ್ಕ ಹ್ವಾದ ಜಾಗಾಕ್ಕ ಬಾವಿ ಅಂತಿಯಲ್ಲೋ, ನಾಲಿಗಿಗಿ ಬುದ್ಧಿ ಬ್ಯಾಡಾ?" ಅಂತ ಬೈದಳು. ಆದರೆ ಬಲಗಡೆಗೆ ಒಪ್ಪಿದಳು. ಒಂದು ಶರತ್ತು ಹಾಕಿದಳು. ಜಪವನ್ನು ತಾನು ನಿಲ್ದಾಣದಲ್ಲೇ ಮುಗಿಸುತ್ತಾಳೆ. ವಿಮಾನ ಹತ್ತಿದ ಮೇಲೆ ನಾನು ಮೌನ ಹಿಡಿಯಬೇಕು. ಕಠ್ಮಂಡು ಬರುವ ತನಕ ನನ್ನ ಬಾಯಿಂದ ಒಂದಕ್ಷರ ಹೊರಗೆ ಬರಬಾರದು. "ಆಣಿ ಮಾಡು" ಅಂದಳು. ಮಾಡಿದೆ. ಬಾಯಿ ಮುಚ್ಚಿ ಕೂತ ಅಭ್ಯಾಸ ನನಗೆ ನಿದ್ದೆಯಲ್ಲೂ ಇಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಮೇಲೆ ಏರಿದ ಮೇಲೆ ನೋಡಿದರೆ ಬರೀ ಮೋಡ. ಕಿಟಕಿಯ ತುಂಬ ಹತ್ತಿ ತುರುಕಿದ ಹಾಗೆ. ಅಕ್ಕ ಕಣ್ಣನ್ನು ಅಗಲವಾಗಿ ತೆರೆದು ಗಾಜಿಗೆ ಹಣೆ ಹಚ್ಚಿ ಕೂತಿದ್ದಳು. ನಮ್ಮ ವಿಮಾನ ಇನ್ನೂ ಮೇಲೆ ಹೋಯಿತು, ಮೋಡವೆಲ್ಲ ಕೆಳಗೆ ಉಳಿಯಿತು. ಆಗ ನಾನು ನೋಡಿದೆ. ಮೋಡದ ಆಚೆ, ನಮ್ಮ ಕಣ್ಣಿನ ಸಮಕ್ಕೆ, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತ ಸಾಲಾಗಿ ನಿಂತಿತ್ತು, ಹಿಮಾಲಯ.

ಅಕ್ಕ ಕೆಳಗೆ ನೋಡುತ್ತಿದ್ದಳು. ವಿಮಾನದಿಂದ ನೋಡಿದರೆ ಗುಡ್ಡ ಕೆಳಗೇ ಇರಬೇಕಲ್ಲ ಅಂತ ಅವಳ ಲೆಕ್ಕ. "ಎಲ್ಲಾ ಮಾಡ ಮುಚ್ಚೈತಿ" ಅಂದಳು, ತನಗೆ ತಾನೇ. ಪೈಲಟ್ ಇಂಗ್ಲಿಷಿನಲ್ಲಿ ಸಾರಿದ, ಅವಳಿಗೆ ತಿಳಿಯಲಿಲ್ಲ. ನಾನು ಕೈ ಎತ್ತಿ ಕಿಟಕಿಯ ಕಡೆ ತೋರಿಸಿದೆ. ಅವಳು ಕಿಟಕಿಯ ಪರದೆ ಎಳೆಯಬೇಕೇನೋ ಅಂದುಕೊಂಡು, "ಬಿಸಲ ಇರ್ಲಿ ಬಿಡೋ" ಅಂದಳು. ಗದ್ದ ಎತ್ತಿ ತೋರಿಸಿದೆ. ನೀರಿನ ಬಾಟಲಿ ಕೊಟ್ಟಳು. ಎದ್ದು ನಿಂತು ಎರಡೂ ಕೈಯಿಂದ ಆಕಾಶದಲ್ಲಿ ಗುಡ್ಡ ಬರೆದೆ. "ಹಿಂದ ಐತಿ ನೋಡು, ಹೋಗಿ ಬಾ" ಅಂತ ಶೌಚಾಲಯದ ಕಡೆ ಕೈ ಮಾಡಿದಳು. ಅತ್ತ ಹಿಮಾಲಯ ಒಂದೊಂದೇ ಶಿಖರವಾಗಿ ಹಿಂದೆ ಸರಿಯುತ್ತಿತ್ತು. ಆಣೆ ಮಾಡಿದ ಬಾಯಿ ಎಷ್ಟು ಹೊತ್ತು ತಡೆದೀತು?

"ಅಕ್ಕಾ! ಕೆಳಗಲ್ಲ, ಮ್ಯಾಲ ನೋಡ! ಮ್ಯಾಲ!"

ಇಡೀ ವಿಮಾನ ನನ್ನ ಕಡೆ ತಿರುಗಿತು. ಅಕ್ಕ ಬೆಚ್ಚಿಬಿದ್ದು ತಲೆ ಎತ್ತಿದಳು.

ಅವಳು ಕೈ ಮುಗಿಯಲಿಲ್ಲ. ಜಪಮಾಲೆ ತೊಡೆಯ ಮೇಲಿಂದ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಕಣ್ಣಿನ ರೆಪ್ಪೆ ಸಹ ಬಡಿದಳೋ ಇಲ್ಲವೋ. ನೀರು ಮಾತ್ರ ಎರಡೂ ಕಣ್ಣಿಂದ ಒಂದೇ ಸಮ ಇಳಿಯತೊಡಗಿತು. ಸೆರಗು ಹುಡುಕಲು ಕಣ್ಣು ತಿರುಗಿಸಬೇಕಲ್ಲ, ಅದಕ್ಕೆ ಅಂಗೈಯಿಂದಲೇ ಒರೆಸಿಕೊಳ್ಳುತ್ತಿದ್ದಳು, ಮತ್ತೆ ಮತ್ತೆ. ನನಗೂ ಅಳು ಬಂತು. ಎಡಗಡೆಯ ಕಿಟಕಿಯವರೆಲ್ಲ ಎದ್ದು ನಮ್ಮ ಕಡೆ ನುಗ್ಗಿದರು, ಕೂತುಕೊಳ್ಳಿ ಅಂತ ಗಗನಸಖಿ ಕೂಗುತ್ತಿದ್ದಳು. ನಿಪ್ಪಾಣಿ ಸಾಹುಕಾರರ ಹೊಟ್ಟೆ ಮತ್ತೆ ನನ್ನ ಭುಜಕ್ಕೆ ಬಂತು. ಈ ಸಲ ನಾನೇ ಸರಿದು ಜಾಗ ಕೊಟ್ಟೆ.

ಶಿಖರಗಳೆಲ್ಲ ಹಿಂದೆ ಉಳಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ನೀ ಮೌನ ಮುರದಿ" ಅಂದಳು.

"ಮುರೀದಿದ್ರ ನೀ ಇವತ್ತೂ..."

"ಆಣಿ ಆಣಿನೇ. ಪ್ರಾಯಶ್ಚಿತ್ತ ಆಗಬೇಕು. ಇನ್ನ ದಿಲ್ಲಿ ಮುಟ್ಟೋತನಕ ಮೌನ ಹಿಡಿ. ಈಗಿಂದನ." ನಾನು ಬಾಯಿ ತೆರೆದೆ, ಅವಳ ಕಣ್ಣು ನೋಡಿ ಮುಚ್ಚಿಕೊಂಡೆ.

ವಿಮಾನ ಕಠ್ಮಂಡುವಿನಲ್ಲಿ ಇಳಿಯಿತು. ದಿಲ್ಲಿಗೆ ಹೋಗುವವರು ಕೂತಲ್ಲೇ ಇರಬೇಕು ಅಂದರು. ಯಾರೋ ಬಂದು ಕಸ ಗುಡಿಸತೊಡಗಿದರು. ನಾನು ಚೀಲದಿಂದ ಮಾವ ಕೊಟ್ಟ ಗಂಟು ತೆಗೆದು ಅಕ್ಕನ ತೊಡೆಯ ಮೇಲೆ ಇಟ್ಟೆ. ಬಿಚ್ಚಿ ನೋಡಿದಳು, ಮೂಸಿದಳು. "ಮೊದಲ ಪಾಕ" ಅಂದಳು. ಈಗ ತಿನ್ನುತ್ತಾಳೆ, ಈಗ ತಿನ್ನುತ್ತಾಳೆ ಅಂತ ನಾನು ಕಾಯ್ದೆ. ಅವಳು ಎದ್ದು ನಿಂತಳು.

ನೇಮ ಮುಗಿದ ಬೆಲ್ಲ ಒಬ್ಬಳೇ ತಿನ್ನುವುದು ಹೇಗೆ? ಎಲ್ಲರಿಗೂ ಕೊಡಬೇಕಂತೆ. ನೋಯುವ ಮೊಣಕಾಲಿನಲ್ಲಿ ಸೀಟು ಹಿಡಿದು ಹಿಡಿದು ನಡೆದಳು. ಗುಂಪಿನವರಿಗೆ ಕೊಟ್ಟಳು, ಅಡಿಗೆಯವರಿಗೆ ಕೊಟ್ಟಳು, ಗಗನಸಖಿಗೆ ಕೊಟ್ಟಳು, ಕಸ ಗುಡಿಸುವವನ ಕೈಗೂ ಒಂದು ಚೂರು ಹಾಕಿದಳು. ನಿಪ್ಪಾಣಿ ಸಾಹುಕಾರರು ಎರಡು ಸಲ ತೊಗೊಂಡರು. ನಾನು ಮೌನದಲ್ಲಿ ಕೂತು ಕುದಿಯುತ್ತಿದ್ದೆ. ತಿರುಗಿ ಬರುವಾಗ ಅವಳ ಹತ್ತಿರ ಉಳಿದದ್ದು ಅಡಿಕೆಯಷ್ಟು ಒಂದು ಚೂರು. ಅದನ್ನಾದರೂ ಬಾಯಿಗೆ ಹಾಕಿಕೊಂಡಳೇ? ಸೆರಗಿನ ತುದಿಗೆ ಗಂಟು ಹಾಕಿದಳು.

"ಇದ ನಮ್ಮ ಮನಿಯವರಿಗೆ. ಪಾಪ, ಇಷ್ಟ ವರ್ಷ ಎಮ್ಮಿ ಹಿಂದ ನಿಂತು ತಿಂದಾರ" ಅಂದಳು. ನನ್ನ ಮುಖ ನೋಡಿ, "ನೀನೂ ಒಂದ ಸಲ ನಿಂತಿದ್ದಿ. ಕಂಡಿದ್ದೆ" ಅಂದಳು.

ಆಮೇಲೆ ಅಂಗೈಗೆ ಅಂಟಿದ್ದ ಬೆಲ್ಲದ ಪುಡಿಯನ್ನು ಒಂದು ಸಲ ನೋಡಿ, ಮಕ್ಕಳ ಹಾಗೆ, ಯಾರ ಹಂಗೂ ಇಲ್ಲದೆ, ಪೂರ್ತಿ ಅಂಗೈ ನೆಕ್ಕಿದಳು. ಕಣ್ಣು ಮುಚ್ಚಿ ಚಪ್ಪರಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಛಲೋ ಐತಿ" ಅಂದಳು. "ಆದ್ರ ಉಪ್ಪುಪ್ಪಾಗೈತಲ್ಲೋ ತಮ್ಮಾ. ಬೆವರಿನ ಅಂಗಿ ಕಿಸೇದಾಗ ಇಟ್ಟಿದ್ದೇನ?"

ಬೆಲ್ಲ ಇದ್ದದ್ದು ಚೀಲದಲ್ಲಿ. ಆ ಉಪ್ಪು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನಗೆ ದಿಲ್ಲಿಯ ತನಕ ಮೌನವಿತ್ತು.